ಬಾರಿಸ್ಟರ್ ಥಾಮಸ್ ಹ್ಯೂಸರ ಚರಿತ್ರೆ

ವಿಕ್ಟೋರಿಯಾ ರಾಣಿಯವರ ಆಳಿಕೆಯಲ್ಲಿ ಇಂಗ್ಲೆಂಡಿನಲ್ಲಿ ಬಾಳಿದ ಥಾಮಸ್ ಹ್ಯೂಸ್ ಎಂಬವರ ಹೆಸರು ಅವರು ಬರೆದ ಒಂದು ಪುಸ್ತಕದ ದೆಸೆಯಿಂದ ದೂರ ದೇಶಗಳಿಗೂ ಹಬ್ಬಿತು. ಅದು ಟಾಮ್ ಬ್ರೌನ್ ಎಂಬ ಶಾಲಾ ಹುಡುಗನ ಕಥೆ. ಇಂಗ್ಲಿಷು ಬಲ್ಲ ನಮ್ಮ ವಾಚಕರಲ್ಲಿ ಕೆಲವರು ಅದನ್ನು ಓದಿದ್ದಿರಬಹುದು. ಆದರೆ ಅದನ್ನು ಬರೆದವರ ಬಾಳು ಹೇಗಿತ್ತೆಂದು ಬಲ್ಲವರು ಸ್ವಲ್ಪ. ಅವರು ಚೆಂಡಾಟದಲ್ಲಿಯೂ ಮುಷ್ಟಿಯುದ್ಧದಲ್ಲಿಯೂ ಗಟ್ಟಿಗರು, ಕಸುಬಿನಿಂದ ವಕೀಲರು, ಒಂಬತ್ತು ವರುಷ ಪಾರ್ಲಿಮೆಂಟಿನ ಮೆಂಬರು, ಕಡೆಗೆ ಜಡ್ಜಿ. ಇವೆಲ್ಲವುಗಳ ನಡುವೆ ಅವರು ಸಮುದ್ರದ ಆಚೆ ಅಮೆರಿಕದ ಕಾಡುಸೀಮೆಯಲ್ಲಿ ಭೂಮಿ ಕೊಂಡು ಒಂದು ಊರನ್ನು ಕಟ್ಟಲು ಹೋಗಿ, ತಾವು ಸಂಪಾದಿಸಿದ್ದರಲ್ಲಿ ಬಹುಭಾಗವನ್ನು ಅದರಲ್ಲಿ ಕಳಕೊಂಡರು. ನಮ್ಮ ವಾಚಕರಲ್ಲಿ ಹೆಚ್ಚಿನವರು ಭೂಮಿಯ ಕಷ್ಟಸುಖಗಳನ್ನು ಬಲ್ಲವರಾದುದರಿಂದ ಆ ಊರಿನ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು.

ಥಾಮಸನು ೧೮೨೨ನೆಯ ಇಸವಿ ಅಕ್ಟೋಬರ್ ೨೦ರಲ್ಲಿ ಅಫಿಂಗ್ಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಆಗ ಅದು ಬರ್ಕ್‌ಷೈರ್ ಜಿಲ್ಲೆಗೆ ಸೇರಿತ್ತು; ೧೯೭೪ರಿಂದ ಆಕ್ಸ್‌ಫರ್ಡ್‌ಷೈರಿಗೆ ಸೇರಿದೆ. ಅವನ ಅಜ್ಜನು ಆ ಊರಿನ ಪಾದ್ರಿ. ತಂದೆಯಾದ ಜಾನ್ ಹ್ಯೂಸರು ಓದು ಬರಹಗಳಲ್ಲಿ ಆಸಕ್ತಿಯುಳ್ಳ ಹಳ್ಳಿಯ ಗೃಹಸ್ಥರು. ಎಂಟು ಮಂದಿ ಮಕ್ಕಳಲ್ಲಿ ಥಾಮಸನು ಎರಡನೆಯವನು. ಅವನಿಗಿಂತ ಒಂದು ವರುಷಕ್ಕೆ ದೊಡ್ಡವನಾದ ಜಾರ್ಜನು ಹಿರೀ ಮಗನು. ಅಣ್ಣತಮ್ಮಂದಿರಿಬ್ಬರೂ ಒಂದೇ ಜೋಡಿ ಎತ್ತುಗಳಂತೆ ಬೆಳೆದರು.

ಆ ಹಳ್ಳಿಯ ಮೇಲಣ ಗುಡ್ಡದ ಓರೆಯಲ್ಲಿ, ಹುಲ್ಲನ್ನೂ ಮಣ್ಣನ್ನೂ ಕೆತ್ತಿ ಒಳಗಿನ ಬಿಳೀ ಸುಣ್ಣದ ಕಲ್ಲು ಕಾಣುವಂತೆ ಮಾಡಿದ ಒಂದು ದೊಡ್ಡ ಕುದುರೆಯ ಆಕಾರವುಂಟು. ತಲೆಯಿಂದ ಬಾಲದ ವರೆಗೆ ಅದರ ಉದ್ದ ಸುಮಾರು ೧೧೦ ಮೀಟರು. ಹುಲ್ಲು ಬೆಳೆದು ಅದು ಮುಚ್ಚಿಹೋಗದಂತೆ ಸುತ್ತಲಿನ ಹಳ್ಳಿಯವರು ಕೆಲವು ವರುಷಗಳಿಗೊಮ್ಮೆ ಕೂಡಿ ಅದನ್ನು ಕೆರೆದು ಶುದ್ಧಮಾಡುತ್ತಿದ್ದರು. ಆ ಕಾಲದಲ್ಲಿ ಗುಡ್ಡದ ಮೇಲೆ ಜಾತ್ರೆ ನೆರೆಯುತ್ತಿತ್ತು, ಕುಸ್ತಿಯೂ ದೊಣ್ಣೆವರಸೆಯೂ ಓಟದ ಪಂದ್ಯಗಳೂ ನಡೆಯುತ್ತಿದ್ದವು. ೮೭೧ರಲ್ಲಿ ಆಲ್ಫ್ರೆಡ್ ಅರಸನು ಶತ್ರುಗಳನ್ನು ಜಯಿಸಿದ ಗುರುತಿಗಾಗಿ ಆ ಕುದುರೆಯನ್ನು ಕೆತ್ತಿಸಿದನೆಂದು ಊರವರ ನಂಬಿಕೆ. ಹ್ಯೂಸರೂ ಹಾಗೆಯೇ ನಂಬಿದರು, ಹಾಗೆಯೇ ಬರೆದರು. ಅದು ಸುಮಾರು ಮೂರು ಸಾವಿರ ವರುಷಗಳಷ್ಟು ಹಳೆಯದೆಂದು ಶಾಸ್ತ್ರಜ್ಞರು ಮಣ್ಣನ್ನು ಪರೀಕ್ಷಿಸಿ ಗೊತ್ತುಮಾಡಿದ್ದು ಅವರು ಸತ್ತು ನೂರು ವರುಷಗಳಾಗುವ ಹೊತ್ತಿಗೆ. ಅದು ಹೇಗಾದರೂ ಇರಲಿ, ಕೂಲಿಯವನ ಮಗನೂ ಗೃಹಸ್ಥನ ಮಗನೂ ಒಂದೇ ಅಖಾಡದ ಮಣ್ಣಿನಲ್ಲಿ ಹೊರಳಾಡಿದ ಆ ಜಾತ್ರೆಯ ನೆನಪು ಅವರ ಮನಸ್ಸಿನಿಂದ ಕಡೆಯ ವರೆಗೂ ಅಳಿಯಲಿಲ್ಲ.

೧೮೩೪ರಲ್ಲಿ ಅಣ್ಣತಮ್ಮಂದಿರನ್ನು ರಗ್ಬಿ ಎಂಬ ಪಟ್ಟಣದ ದೊಡ್ಡ ಶಾಲೆಗೆ ಕಳುಹಿಸಿದರು. ಆ ಕಾಲದ ಅಂಥ ಶಾಲೆಗಳಲ್ಲಿ ದೊಡ್ಡ ಹುಡುಗರು ಚಿಕ್ಕವರನ್ನು ಹೊಡೆಯುವುದೂ ಆಳುಗಳಂತೆ ದುಡಿಸಿಕೊಳ್ಳುವುದೂ ಸಾಮಾನ್ಯವಾಗಿತ್ತು. ರಗ್ಬಿಯಲ್ಲಿ ೧೮೨೮ರಿಂದ ಮುಖ್ಯೋಪಾಧ್ಯಾಯರಾಗಿದ್ದ ಡಾಕ್ಟರ್ ಥಾಮಸ್ ಆರ್ನಲ್ಡರು ಈ ಕೆಡುಕನ್ನು ಬೆತ್ತದಿಂದ ಮಾತ್ರವೇ ಕೀಳಲಾಗದೆಂದು ತಿಳಿದು, ಮೇಲಣ ತರಗತಿಯ ಹುಡುಗರಿಗೆ ಚಿಕ್ಕವರ ಜವಾಬ್ದಾರಿಯನ್ನು ಒಪ್ಪಿಸಿ, ಅವರನ್ನು ನಂಬಿ, ಭಾನುವಾರಗಳಲ್ಲಿ ಶಾಲೆಯ ದೇವಾಲಯದಲ್ಲಿ ತಾವೇ ಪ್ರಸಂಗ ಮಾಡುತ್ತಿದ್ದರು. ಥಾಮಸನು ಓದಿನಲ್ಲಿ ಮುಂದಾದವನಲ್ಲ. ಕಾಲ್ಚೆಂಡಿನಲ್ಲಿಯೂ ಕ್ರಿಕೆಟಿನಲ್ಲಿಯೂ ಅವನಿಗೆ ಸರಿಯಾದವರು ಕೆಲವರೇ. ಕಡೆಯ ವರುಷದಲ್ಲಿ ಶಾಲೆಯ ಕ್ರಿಕೆಟ್ ತಂಡಕ್ಕೆ ಅವನೇ ನಾಯಕ. ಆರ್ನಲ್ಡರ ಪಾಂಡಿತ್ಯದಲ್ಲಿ ಹೆಚ್ಚು ಪಾಲು ಅವನಿಗೆ ಹತ್ತಲಿಲ್ಲ. ಆದರೆ ಮನುಷ್ಯನನ್ನು ಮೊದಲು ನಂಬಿ ಆಮೇಲೆ ಪರೀಕ್ಷಿಸಬೇಕೆಂಬ ಅವರ ರೀತಿ ಅವನಿಗೆ ಪೂರ್ತಿಯಾಗಿ ಹತ್ತಿತು. ಅದರಿಂದ ಅವನಿಗೆ ಆದ ಲಾಭವನ್ನೂ ನಷ್ಟವನ್ನೂ ಮುಂದೆ ನೋಡುವೆವು.

೧೮೪೨ರಲ್ಲಿ ಅವನು ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ಓದುತ್ತಿದ್ದು, ಆ ವರುಷವೇ ಆಕ್ಸ್‌ಫರ್ಡಿನ ಪಕ್ಷದಲ್ಲಿ ಕೇಂಬ್ರಿಜಿನವರ ಎದುರು ಕ್ರಿಕೆಟ್ ಆಡಿದನು. ಜಾರ್ಜನಾದರೋ ದೋಣಿ ಹಾಯಿಸುವುದರಲ್ಲಿ ಹೆಸರುವಾಸಿಯಾದನು. ೧೮೪೩ರಲ್ಲಿ ಹೆನ್ಲಿ ಎಂಬಲ್ಲಿ ನಡೆದ ಪಂದ್ಯದ ಸಂಗತಿಯನ್ನು ಆ ದೇಶದ ಆಟಗಾರರು ಇಂದಿಗೂ ಹೇಳುವುದುಂಟು. ಎಂಟು ಮಂದಿ ಹುಟ್ಟು ಹಾಕಬೇಕಾದ ದೋಣಿಯಲ್ಲಿ, ಉಳಿದವರಿಗೆ ಲಯ ಕೊಡುವ ಮುಖ್ಯನು ಪಂದ್ಯ ಪ್ರಾರಂಭವಾಗುವ ಹೊತ್ತಿಗೆ ಅಸ್ವಸ್ಥನಾಗಿ ಬಿದ್ದನು. ಬೇರೊಬ್ಬನನ್ನು ಸೇರಿಸಿಕೊಳ್ಳಲು ಅಪ್ಪಣೆಯಾಗಲಿಲ್ಲ. ಜಾರ್ಜನು ತನ್ನ ಸ್ಥಳವನ್ನು ಬಿಟ್ಟು ಆ ಮುಖ್ಯನ ಸ್ಥಳದಲ್ಲಿ ಕೂತನು. ಏಳೇ ಮಂದಿ ದೋಣಿ ನಡಿಸಿ ಗೆದ್ದರು. ಮುಂದೆ ಜಾರ್ಜನು ಕೆಲವು ಕಾಲ ವಕೀಲಿ ಮಾಡಿ, ಬಳಿಕ ಹಳ್ಳಿಯ ಗೃಹಸ್ಥನಾಗಿ ಬೇಟೆ, ಆಟ, ನೆರೆಯವರ ಉಪಕಾರ ಇವುಗಳಲ್ಲಿ ಶಾಂತವಾಗಿ ಕಾಲಕಳೆದು ೧೮೭೨ರಲ್ಲಿ ತೀರಿಹೋದನು. ತಮ್ಮನು ಅಣ್ಣನ ಮಕ್ಕಳಿಗೂ ತನ್ನ ಮಕ್ಕಳಿಗೂ ಓದಲಿಕ್ಕೆಂದು ಅವನ ಚರಿತ್ರೆಯನ್ನು ಬರೆದು ಮರುವರುಷ ಅಚ್ಚುಹಾಕಿಸಿದನು. ಹ್ಯೂಸರ ಪುಸ್ತಕಗಳಲ್ಲಿ ಹೃದಯಕ್ಕೆ ಹೆಚ್ಚು ಹತ್ತಿರವಾದದ್ದು ಅದೇ ಎಂದು ನಮಗೆ ತೋರುತ್ತದೆ.

ಥಾಮಸ್ ಹ್ಯೂಸರು ೧೮೪೭ರಲ್ಲಿ ಫ್ರಾನ್ಸಿಸ್ ಫೋರ್ಡ್ ಎಂಬ ಪಾದ್ರಿಯ ಮಗಳನ್ನು ವಿವಾಹವಾದರು. ೧೮೪೮ರಲ್ಲಿ ಬಾರಿಸ್ಟರಾದರು. ಅದು ಯೂರೋಪಿನಲ್ಲೆಲ್ಲಾ ಗಲಭೆಯ ವರುಷ. ಲಂಡನಿನಲ್ಲಿಯೂ ಕೂಲಿಗಾರರು ತಮಗೂ ಮತ ಕೊಡುವ ಹಕ್ಕು ಬೇಕೆಂದು ಸಾವಿರಗಟ್ಟಲೆ ಕೂಡಿದರು. ಆಗ ಲಿಂಕನ್ಸ್ ಇನ್ ಎಂಬ ವಕೀಲರ ಸಂಸ್ಥೆಯಲ್ಲಿ ಫ್ರೆಡೆರಿಕ್ ಡೆನಿಸನ್ ಮಾರಿಸ್ ಎಂಬವರು ಪಾದ್ರಿಯಾಗಿದ್ದರು. ಯಂತ್ರಗಳ ನಾಡಿನಲ್ಲಿ ಬಡವರನ್ನು ಪೈಪೋಟಿಗೆ ಬಿಟ್ಟುಬಿಟ್ಟು, ಬಲವುಳ್ಳವನು ಬದುಕಲಿ, ಇಲ್ಲದವನು ಸಾಯಲಿ ಅನ್ನುವುದು ಕ್ರೈಸ್ತ ದೇಶಕ್ಕೆ ತಕ್ಕದ್ದಲ್ಲವೆಂದು ಅವರ ಬೋಧನೆ. ಅವರ ಸುತ್ತಲೂ ಕೂಡಿದ ಯೌವನಸ್ಥ ವಕೀಲರಲ್ಲಿ ಹ್ಯೂಸರು ಒಬ್ಬರು. ಅವರು ಮೊದಲು ಬಂದಾಗ, ಆಟಗಾರನಾದ ಇವನಿಂದ ಏನಾದೀತೆಂದು ಕೆಲವರು ಸಂದೇಹಪಟ್ಟರಂತೆ. ಆದರೆ ಲಂಡನಿನ ಒಂದು ಹೊಲಸು ಗಲ್ಲಿಯಲ್ಲಿ ಬಡವರಿಗಾಗಿ ಇವರು ನಡಿಸುತ್ತಿದ್ದ ರಾತ್ರಿಶಾಲೆಯಲ್ಲಿ ತುಂಟ ಹುಡುಗರನ್ನು ಅಂಕೆಯಲ್ಲಿಡಲು ಹ್ಯೂಸರಷ್ಟು ಶಕ್ತಿ ಬೇರೆಯವರಿಗಿರಲಿಲ್ಲ.

ಈ ಗುಂಪಿನಲ್ಲಿ ಹ್ಯೂಸರ ಆಪ್ತಸ್ನೇಹಿತರಾದ ಜಾನ್ ಮಾಲ್ಕಮ್ ಲಡ್ಲೋ ಎಂಬವರು ನಮ್ಮ ದೇಶದ ನೀಮಚ್ ಎಂಬ ದಂಡಿನ ಊರಿನಲ್ಲಿ ೧೮೨೧ರಲ್ಲಿ ಹುಟ್ಟಿದವರು. ಹ್ಯೂಸರೂ ಲಡ್ಲೋರವರೂ ಸೇರಿ ಲಂಡನಿನ ಹೊರಗೆ ವಿಂಬಲ್ಡನ್ ಎಂಬಲ್ಲಿ ಜೊತೆಮನೆಗಳನ್ನು ಕಟ್ಟಿಸಿಕೊಂಡು, ನಡುವೆ ಒಂದೇ ಪುಸ್ತಕದ ಕೋಣೆಯನ್ನು ಎರಡು ಮನೆಯವರೂ ಉಪಯೋಗಿಸುವಂತೆ ಮಾಡಿದ್ದರು. ಆ ಕಾಲದಲ್ಲಿ ಲಂಡನಿನ ದರ್ಜಿಗಳು ನಡುವಣ ಗುತ್ತಿಗೆದಾರರ ಕೈಗೆ ಸಿಕ್ಕಿ, ಇಕ್ಕಟ್ಟಾದ ಕೋಣೆಗಳಲ್ಲಿ ರಾತ್ರಿ ಹಗಲೂ ಹೊಲಿದರೂ ಹೊಟ್ಟೆ ತುಂಬದವರಾಗಿದ್ದರು. ೧೮೫೦ರಲ್ಲಿ ಈ ಸ್ನೇಹಿತರು ದರ್ಜಿಗಳನ್ನು ಒಂದು ಸಂಘವಾಗಿ ಕೂಡಿಸಿ, ಗುತ್ತಿಗೆದಾರನಿಲ್ಲದೆ ತಾವೇ ಕೆಲಸ ಹಿಡಿದು ಲಾಭವನ್ನು ಹಂಚಿಕೊಳ್ಳುವ ಏರ್ಪಾಡು ಮಾಡಿದರು. ಅದರಂತೆ ಬೇರೆ ಕಸುಬಿನವರ ಸಂಘಗಳೂ ಹುಟ್ಟಿದವು. ಸಹಕಾರ ಸಂಘವೆಂಬುದು ನಮ್ಮ ಹಳ್ಳಿಗಳಲ್ಲಿ ಈಗ ಹೊಸ ಮಾತಲ್ಲ. ಆಗ ಅಂಥ ಸಂಘದ ಹಣವನ್ನು ಒಬ್ಬನು ಎತ್ತಿಕೊಂಡು ಓಡಿದರೆ ಕೇಳಲಿಕ್ಕೆ ಆ ದೇಶದಲ್ಲಿಯೂ ತಕ್ಕ ಕಾನೂನು ಇರಲಿಲ್ಲ. ೧೮೫೨ರಲ್ಲಿ ಆ ಕಾನೂನು ಆಗುವಂತೆ ಈ ವಕೀಲರು ದುಡಿದರು. ಸಂಘಗಳಲ್ಲಿ ಹೆಚ್ಚಿನವು ಕೆಲವೇ ವರುಷಗಳಲ್ಲಿ ಒಳಜಗಳದಿಂದಲೂ ವ್ಯಾಪಾರದ ತಿಳಿವಳಿಕೆಯಿಲ್ಲದೆಯೂ ಮುಚ್ಚಿಹೋದವು; ಕಾನೂನು ಉಳಿಯಿತು, ಅದರ ಆಶ್ರಯದಲ್ಲಿ ಮುಂದೆ ಸಾವಿರಾರು ಸಂಘಗಳು ಬೆಳೆದವು. ೧೮೬೯ರಲ್ಲಿ ಲಂಡನಿನಲ್ಲಿ ಸಹಕಾರ ಸಂಘಗಳ ಮಹಾಸಭೆ ಕೂಡಿದಾಗ ಹ್ಯೂಸರು ಅಧ್ಯಕ್ಷಸ್ಥಾನದಲ್ಲಿ ಕೂತರು.

೧೮೫೪ರಲ್ಲಿ ಮಾರಿಸರೂ ಅವರ ಸ್ನೇಹಿತರೂ ಕೆಲಸಗಾರರಿಗಾಗಿ ಒಂದು ಕಾಲೇಜನ್ನು ತೆರೆದರು. ಹೆಸರಾಂತ ರಸ್ಕಿನ್ನರು ಅಲ್ಲಿ ಚಿತ್ರ ಬರೆಯಲು ಕಲಿಸಿದರು. ತಮಗೆ ಕಲಿಸಲಿಕ್ಕೆ ಏನು ಬರುತ್ತದೆಂದು ಹ್ಯೂಸರಿಗೆ ಮೊದಲು ತೋಚಲಿಲ್ಲ. ದಿನವೆಲ್ಲಾ ಬಗ್ಗಿ ದುಡಿದು ಬೆನ್ನು ಗೂನಾಗಿ ಎದೆ ಒಳಸೇರಿದ ವಿದ್ಯಾರ್ಥಿಗಳನ್ನು ನೋಡಿ, ಮುಷ್ಟಿಯುದ್ಧದ ತರಗತಿಯನ್ನು ಪ್ರಾರಂಭಿಸಿದರು. ಅಚ್ಚು ಜೋಡಿಸುವವನೂ ಗಡಿಯಾರ ಮಾಡುವವನೂ ಬಾರಿಸ್ಟರನ ಮೂತಿಗೆ ಗುದ್ದಿ, ಅವನಿಂದ ಗುದ್ದು ತಿಂದು, ಆಮೇಲೆ ಅವನ ಸಂಗಡ ಕೂತು ಚಹಾ ಕುಡಿಯುವುದು ಆ ದೇಶದಲ್ಲಿ ಅದುವರೆಗೆ ಕಾಣದ ಕೆಲಸ. ಭಾನುವಾರಗಳಲ್ಲಿ ಅವರೇ ಅಲ್ಲಿ ಸತ್ಯವೇದದ ಪಾಠ ನಡಿಸುತ್ತಿದ್ದರು. ಕ್ರೈಸ್ತನಾಗುವುದು ಹೇಡಿಯಾಗುವುದೆಂದು ನಗುವ ಕೆಲಸಗಾರರಿಗೆ ಉತ್ತರವಾಗಿ, ಕರ್ತನ ಧೈರ್ಯವನ್ನು ಕುರಿತು ಅಲ್ಲಿ ಹೇಳಿದ್ದು ೧೮೭೯ರಲ್ಲಿ ಪುಸ್ತಕವಾಗಿ ಬಂತು. ೧೮೭೨ರಿಂದ ೧೮೮೩ರ ವರೆಗೆ ಅವರೇ ಆ ಕಾಲೇಜಿಗೆ ಪ್ರಾಂಶುಪಾಲರಾಗಿದ್ದರು.

ಇನ್ನು ಆ ಹೆಸರಾಂತ ಪುಸ್ತಕದ ವಿಷಯ. ಹಿರೀ ಮಗನಾದ ಮಾರಿಸನು ಎಂಟು ವರುಷದವನಾಗಿ ಶಾಲೆಗೆ ಹೋಗುವ ಕಾಲ ಹತ್ತಿರವಾದಾಗ, ಅವನಿಗೆ ಏನು ಬುದ್ಧಿ ಹೇಳಿ ಕಳುಹಿಸಬೇಕೆಂದು ಹ್ಯೂಸರು ಯೋಚಿಸಿ, ಬುದ್ಧಿಮಾತಿಗಿಂತ ಕಥೆಯೇ ಒಳ್ಳೆಯದೆಂದು ೧೮೫೬ರ ಬೇಸಿಗೆಯಲ್ಲಿ ಬರೆಯತೊಡಗಿದರು. ಅರ್ಧ ಬರೆದಿರುವಾಗ ಹಿರೀ ಮಗಳು ಈವಿ ಸ್ಕಾರ್ಲೆಟ್ ಜ್ವರದಿಂದ ತೀರಿಹೋದಳು. ಕೆಲವು ಕಾಲ ಹಸ್ತಪ್ರತಿ ಹಾಗೆಯೇ ಬಿದ್ದಿತ್ತು. ಕಥೆಯ ಹಿಂದಣ ಭಾಗದಲ್ಲಿ ಒಬ್ಬ ಹುಡುಗನು ಜ್ವರದಿಂದ ಸಾವಿನ ಬಾಗಲ ವರೆಗೆ ಹೋಗಿ ಬರುವ ಅಧ್ಯಾಯವನ್ನು ಓದುವವರು ಇದನ್ನು ನೆನಸಬೇಕು. ಆ ಕಥೆಯಲ್ಲಿ ಇನ್ನೊಂದು ಕಡೆ, ಮಲಗುವ ಕೋಣೆಯಲ್ಲಿ ಎಲ್ಲರೂ ಗದ್ದಲಮಾಡುತ್ತಿರುವಾಗ ಹೊಸದಾಗಿ ಬಂದ ಬಡಕಲು ಹುಡುಗನೊಬ್ಬನು ಮನೆಯಲ್ಲಿ ಮಾಡುತ್ತಿದ್ದಂತೆ ಹಾಸಿಗೆಯ ಬಳಿಯಲ್ಲಿ ಮೊಣಕಾಲೂರಿ ಪ್ರಾರ್ಥಿಸುವನು; ಒಬ್ಬನು ಅವನ ಮೇಲೆ ಕೆರ ಎಸೆಯುವನು. ತಾನು ಶಾಲೆಗೆ ಬಂದಾಗಿನಿಂದ ಪ್ರಾರ್ಥನೆಯನ್ನು ಬಿಟ್ಟಿದ್ದ ಟಾಮನು ಆ ರಾತ್ರಿ ನಿದ್ರೆಬಾರದೆ ಹೊರಳಾಡಿ, ಬೆಳಿಗ್ಗೆ ಎಲ್ಲರ ಮುಂದೆ ತಾನೂ ಮೊಣಕಾಲೂರುವನು. ಹಾಸ್ಟೆಲಿನಲ್ಲಿ ಇದ್ದವರಿಗೆ ಇದರ ಕಷ್ಟ ತಿಳಿದೀತು.

ಪುಸ್ತಕವು ೧೮೫೭ರ ಏಪ್ರಿಲಿನಲ್ಲಿ ಹೊರಟಿತು. ಬರೆದವನು ಹಳೇ ವಿದ್ಯಾರ್ಥಿಯೆಂದು ಮಾತ್ರ ಇತ್ತು, ಹೆಸರಿರಲಿಲ್ಲ. ಒಂದು ವರುಷದೊಳಗೆ ಐದು ಸಲ ಅಚ್ಚಾಯಿತು. ಅದರಲ್ಲಿ ಕೊರತೆಯಿಲ್ಲವೆಂದಲ್ಲ. ಮುಷ್ಟಿಯುದ್ಧದ ಅಧ್ಯಾಯವನ್ನು ಹುಡುಗರು ಪ್ರಾರ್ಥನೆಯ ಅಧ್ಯಾಯಕ್ಕಿಂತ ಹೆಚ್ಚು ಸಲ ಓದಿದರು. ಆಟದಲ್ಲಿ ಗೆದ್ದವನೇ ಒಳ್ಳೆಯವನೆಂಬ ಮೂಢಭಾವನೆ ಅನೇಕ ಶಾಲೆಗಳಲ್ಲಿ ಬೆಳೆಯಲು ಆ ಪುಸ್ತಕವೂ ಸ್ವಲ್ಪ ಕಾರಣವಾಯಿತು. ಬರೆದವರ ಉದ್ದೇಶ ಅದಲ್ಲ. ಮೈಬಲವಿರುವುದು ಬಲಹೀನರನ್ನು ಕಾಯಲಿಕ್ಕೆ ಎಂಬುದು ಅವರ ತಾತ್ಪರ್ಯ.

೧೮೬೫ರಲ್ಲಿ ಲಂಡನಿನ ಲ್ಯಾಂಬೆತ್ ಭಾಗದ ಜನರು ಅವರನ್ನು ಪಾರ್ಲಿಮೆಂಟಿಗೆ ಆರಿಸಿದರು. ಕೆಲಸಗಾರರು ಕೂಲಿಯಿಲ್ಲದೆ ಅವರಿಗಾಗಿ ಮನೆಮನೆ ತಿರುಗಿದರು. ಆದರೆ ಕಳ್ಳತೂಕವನ್ನೂ ಕಲಬೆರಕೆಯನ್ನೂ ಕಠಿನವಾಗಿ ದಂಡಿಸಬೇಕೆಂದು ಅವರು ಹೇಳಿದ್ದರಿಂದ ಅಂಗಡಿಕಾರರು ಸಿಟ್ಟಾದರು. ೧೮೬೮ರಲ್ಲಿ ಅವರು ಲ್ಯಾಂಬೆತನ್ನು ಬಿಟ್ಟು ಫ್ರೂಮ್ ಎಂಬ ಚಿಕ್ಕ ಪಟ್ಟಣಕ್ಕೆ ಮೆಂಬರಾಗಿ ೧೮೭೪ರ ವರೆಗೆ ಇದ್ದರು. ಪಾರ್ಲಿಮೆಂಟಿನಲ್ಲಿ ಅವರ ಮಾತಿಗೆ ಬಹಳ ತೂಕ ಬಂತೆಂದು ಹೇಳಲಾಗದು. ಕೆಲಸಗಾರರ ಸಂಘಗಳನ್ನು ವಿಚಾರಿಸಲು ೧೮೬೭ರಲ್ಲಿ ಸರಕಾರವು ನೇಮಿಸಿದ ಮಂಡಲಿಯಲ್ಲಿ ಮಾತ್ರ ಅವರು ದೊಡ್ಡ ಕೆಲಸ ಮಾಡಿದರು. ಹೆಚ್ಚು ಮಂದಿ ಒಂದು ಕಡೆ ನಿಂತಾಗ, ಹ್ಯೂಸರೂ ಫ್ರೆಡೆರಿಕ್ ಹ್ಯಾರಿಸನ್ ಎಂಬವರೂ ಲಿಚ್‌ಫೀಲ್ಡ್ ಪ್ರಭುವೂ ಬೇರೆ ಅಭಿಪ್ರಾಯವನ್ನು ಬರೆದು ಕೊಟ್ಟರು. ೧೮೭೧ರ ಕಾನೂನು ಬಹುಮಟ್ಟಿಗೆ ಈ ಮೂವರ ಅಭಿಪ್ರಾಯದಂತೆಯೇ ಆಯಿತು.

ಅಮೆರಿಕದಲ್ಲಿ ಗುಲಾಮರ ವಿಷಯವಾಗಿ ಒಳಯುದ್ಧವಾದಾಗ ಇಂಗ್ಲೆಂಡಿನ ಶ್ರೀಮಂತರಲ್ಲಿ ಅನೇಕರು ಗುಲಾಮರ ಒಡೆಯರಿಗೆ ಅನುಕೂಲವಾಗಿದ್ದರು. ಹ್ಯೂಸರು ಉತ್ತರದವರ ಪಕ್ಷವನ್ನು ಹಿಡಿದು ಮಾತಾಡಿದರು. ೧೮೭೦ರಲ್ಲಿ ಅವರು ಆ ದೇಶಕ್ಕೆ ಹೋದಾಗ ಜನರು ತಮ್ಮವನೆಂದೇ ಎದುರುಗೊಂಡರು. ಮರುವರುಷ ಶಿಕಾಗೋ ಪಟ್ಟಣವು ಬೆಂಕಿಯಿಂದ ಸುಟ್ಟುಹೋದಾಗ ಹ್ಯೂಸರು ಮುಂದಾಗಿ ಇಂಗ್ಲೆಂಡಿನವರಿಂದ ಸುಮಾರು ೮,೦೦೦ ಪುಸ್ತಕಗಳನ್ನು ಕೂಡಿಸಿ ಕಳುಹಿಸಿದರು; ರಾಣಿಯವರೂ ಕೊಟ್ಟರು. ಶಿಕಾಗೋವಿನವರು ಅವುಗಳನ್ನು ೧೮೭೩ರ ಮೊದಲ ದಿನದಲ್ಲಿ, ಹಳೆಯ ಕಬ್ಬಿಣದ ನೀರಿನ ತೊಟ್ಟಿಯೊಂದರೊಳಗೆ ಕಪಾಟುಗಳನ್ನಿಟ್ಟು, ಎಲ್ಲರಿಗೂ ಓದಲಿಕ್ಕೆ ತೆರೆದರು.

ಈ ಸ್ನೇಹದಿಂದಲೇ ಅವರ ದೊಡ್ಡ ಪ್ರಯತ್ನವು ಹುಟ್ಟಿತು. ಆ ಕಾಲದ ಇಂಗ್ಲೆಂಡಿನ ಭೂಮಿವಂತರಲ್ಲಿ ತಂದೆಯ ಭೂಮಿಯೆಲ್ಲಾ ಹಿರೀ ಮಗನಿಗೆ ಸಲ್ಲುತ್ತಿತ್ತು. ನಮ್ಮಲ್ಲಿಯಂತೆ ಅಣ್ಣತಮ್ಮಂದಿರು ಪಾಲುಮಾಡಿಕೊಳ್ಳುವ ವಾಡಿಕೆಯಿರಲಿಲ್ಲ. ಕಿರಿಯರು ಪಾದ್ರಿಗಳಾಗಬೇಕು, ವಕೀಲರಾಗಬೇಕು, ಇಲ್ಲವೆ ದಂಡಿಗೆ ಸೇರಬೇಕು. ಆ ಸ್ಥಳಗಳು ತುಂಬಿದ ಮೇಲೆ ಒಳ್ಳೇ ಮನೆಯ ಹುಡುಗರು ಕೆಲಸವಿಲ್ಲದೆ ಸೋಮಾರಿಗಳಾಗಿ ಕೆಟ್ಟುಹೋಗುತ್ತಿದ್ದರು. ಗುದ್ದಲಿ ಹಿಡಿಯಲು ಅವರಿಗೆ ಮನಸ್ಸಿದ್ದರೂ ನೆಂಟರು ನಗುವರು. ಈ ನಾಚಿಕೆಯ ಸಂಕಲೆ ನಮಗೂ ಅರಿಯದ್ದಲ್ಲ. ನಾಲ್ಕಕ್ಷರ ಕಲಿತ ಹುಡುಗನು ನೇಗಿಲನ್ನು ಮುಟ್ಟಲು ಹೇಸುವುದನ್ನು ಯಾವ ಹಳ್ಳಿಯಲ್ಲಿ ನೋಡಿಲ್ಲ? ಹ್ಯೂಸರು ತಾವೇ ಎರಡನೆಯ ಮಗ. ನಗುವವರಿಲ್ಲದ ಹೊಸ ದೇಶದಲ್ಲಿ ಇಂಥ ಹುಡುಗರಿಗೆ ಭೂಮಿಯನ್ನು ಕೊಟ್ಟು, ಕೈದುಡಿತವೂ ಓದೂ ಆಟವೂ ದೇವಾರಾಧನೆಯೂ ಒಟ್ಟಾಗಿರುವ ಊರೊಂದನ್ನು ಕಟ್ಟಬೇಕೆಂದು ಅವರು ನೆನಸಿದರು.

ಟೆನೆಸ್ಸೀ ಸಂಸ್ಥಾನದ ಕಂಬರ್ಲೆಂಡ್ ಪ್ರಸ್ಥಭೂಮಿಯಲ್ಲಿ ಅಮೆರಿಕದ ಬಾಸ್ಟನ್ ಪಟ್ಟಣದ ಕೆಲವರು ಸ್ಥಳವನ್ನು ನೋಡಿಟ್ಟಿದ್ದರು. ಹ್ಯೂಸರು ಅಧ್ಯಕ್ಷರಾಗಿದ್ದ ಮಂಡಲಿಯು ಅಲ್ಲಿ ಸುಮಾರು ೭೫,೦೦೦ ಎಕರೆ ಭೂಮಿಯನ್ನು ಕೊಂಡಿತು. ೧೮೮೦ನೆಯ ಅಕ್ಟೋಬರ್ ೫ರಲ್ಲಿ ಹ್ಯೂಸರೇ ಹೋಗಿ ಊರಿಗೆ ತಮ್ಮ ಶಾಲೆಯ ಹೆಸರನ್ನು, ರಗ್ಬಿ ಎಂದು, ಇಟ್ಟು ಪ್ರತಿಷ್ಠೆಮಾಡಿದರು. ಒಂದು ಸಹಕಾರಿ ಅಂಗಡಿ, ಯಾವ ಸಭೆಯವರಿಗೂ ಬಾಗಲು ತೆರೆದ ಆರಾಧನೆಯ ಸ್ಥಳ, ಪ್ರಯಾಣಿಕರಿಗೆ ಒಂದು ಛತ್ರ, ಟೆನಿಸ್ ಆಟದ ಬಯಲು, ಇವೆಲ್ಲ ಆದವು. ಮದ್ಯವನ್ನು ಮಾರಕೂಡದೆಂದು ಕಟ್ಟಳೆ. ಎರಡೂ ದೇಶಗಳ ಪತ್ರಿಕೆಗಳು ಇದನ್ನು ಕುರಿತು ಬರೆದವು. ಕೆಲವು ಹೊಗಳಿದವು, ಕೆಲವು ಪರಿಹಾಸ್ಯಮಾಡಿದವು.

ತೊಂದರೆಗಳು ಮೊದಲನೆಯ ವರುಷದಿಂದಲೇ ಬಂದವು. ಭೂಮಿಯನ್ನು ಹಿಂದೆ ಅನುಭವಿಸುತ್ತಿದ್ದವರ ಹಕ್ಕುಪತ್ರಗಳು ಸರಿಯಾಗಿರಲಿಲ್ಲ. ದೂರದಿಂದ ಬಂದವನಿಗೆ ತನ್ನ ಹೊಲದ ಎಲ್ಲೆ ಯಾವುದೆಂದು ಗೊತ್ತಾಗುವುದಕ್ಕೆ ಮುಂಚೆ ಕೈಯಲ್ಲಿದ್ದ ಹಣ ತೀರುತ್ತಿತ್ತು. ಕಾಡಿನ ಚೆಲುವು ಕಣ್ಣಿಗೆ ತುಂಬುವಷ್ಟಿದ್ದರೂ ಮಣ್ಣು ಸಾರವಿಲ್ಲದ್ದು, ಮರ ಕಡಿದು ಬೇರು ಕೀಳುವುದು ಬಹು ಕಷ್ಟದ್ದು. ರೈಲು ನಿಲ್ಲುವ ಸ್ಥಳಕ್ಕೆ ಏಳು ಮೈಲು ಕೆಟ್ಟ ದಾರಿ. ೧೮೮೧ರಲ್ಲಿ ಛತ್ರದ ಬಾವಿಯ ನೀರು ಕೆಟ್ಟು ಟೈಫಾಯ್ಡ್ ಜ್ವರ ಹರಡಿ ಏಳು ಮಂದಿ ಸತ್ತರು. ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ಬರಬೇಕೆಂದಿದ್ದವರು ನಿಂತರು, ಬಂದಿದ್ದವರಲ್ಲಿ ಅನೇಕರು ಹೊರಟುಹೋದರು. ಟೊಮೇಟೊ ಹಣ್ಣನ್ನು ಡಬ್ಬಿಗಳಲ್ಲಿ ತುಂಬಿ ಮಾರುವುದಕ್ಕೆ ಕಾರ್ಖಾನೆಯನ್ನು ಕಟ್ಟಿದರು. ಆದರೆ ಕಾರ್ಖಾನೆಗೆ ಸಾಕಾಗುವಷ್ಟು ಹಣ್ಣನ್ನು ಯಾರೂ ಬೆಳೆಯಲಿಲ್ಲ. ಬೆಳೆಯುವ ಹೊತ್ತಿನಲ್ಲಿ ಹುಡುಗರು ಟೆನಿಸ್ ಆಡಿದರೆಂದು ಜನರು ನಕ್ಕರು. ಈ ನಗೆಯಲ್ಲಿ ಸ್ವಲ್ಪ ಅನ್ಯಾಯವುಂಟು, ಯಾಕಂದರೆ ಕೆಲವರು ನಿಜವಾಗಿ ಬೆವರು ಸುರಿಸಿದರು. ಒಂದು ಹೊತ್ತು ಊರಿನ ಜನಸಂಖ್ಯೆ ನಾನ್ನೂರಕ್ಕೆ ಏರಿತು. ಆದರೂ ೧೮೮೪ರಲ್ಲಿ ಛತ್ರವು ಬೆಂಕಿಬಿದ್ದು ಸುಟ್ಟಿತು, ಅಲ್ಲಿಂದ ಊರು ಇಳಿಮುಖವಾಯಿತು.

ತಪ್ಪು ಯಾರದು? ಇಳೆಯನ್ನೂ ಕಾಯಿಲೆಯನ್ನೂ ದೂರಬಹುದು. ಆದರೆ ನಮಗೆ ತೋರುವುದೇನಂದರೆ, ಹ್ಯೂಸರು ಭೂಮಿಯನ್ನು ಪರೀಕ್ಷಿಸದೆ ಅದನ್ನು ಹೊಗಳಿದವರನ್ನು ನಂಬಿದರು, ಕೈದುಡಿತವನ್ನು ಮೆಚ್ಚಿದ ಹುಡುಗರನ್ನು ಅವರು ದುಡಿಯಬಲ್ಲರೋ ಎಂದು ನೋಡದೆ ನಂಬಿದರು. ಎಲ್ಲಕ್ಕಿಂತ ಹೆಚ್ಚಾಗಿ, ಇತರರಿಗೆ ಹೇಳಿದ ಬಾಳನ್ನು ತಾವು ಬಾಳಲಿಲ್ಲ. ಅವರು ಲಂಡನಿನಲ್ಲಿದ್ದುಕೊಂಡು ಆಗಾಗ್ಗೆ ಕೆಲವು ವಾರಗಳ ಮಟ್ಟಿಗೆ ಅಲ್ಲಿಗೆ ಹೋಗಿಬರುತ್ತಿದ್ದರು. ಆಳು ಮಾಡಿದ್ದು ಹಾಳೆಂಬ ಗಾದೆಯನ್ನು ಒಕ್ಕಲಿಗರಿಗೆ ನಾವು ನೆನಪುಮಾಡಬೇಕಾಗಿಲ್ಲ. ಅವರ ಪತ್ನಿ ಆ ಪ್ರಯತ್ನವನ್ನು ಮೊದಲಿನಿಂದಲೂ ಮೆಚ್ಚದೆ ಆ ಊರಿಗೆ ಒಮ್ಮೆಯಾದರೂ ಕಾಲಿಡಲಿಲ್ಲ. ಮನೆಯ ಹಣ ಹೋಗುವುದನ್ನು ನೋಡುತ್ತಿದ್ದವಳು ಆಕೆಯೇ ಆದುದರಿಂದ ಆಕೆಯನ್ನು ತಪ್ಪೆನ್ನಲು ನಮಗೆ ಬಾಯಿಬಾರದು.

ಅಲ್ಲಿ ಹೋಗಿ ನೆಲೆಸಿದವರು ಅವರ ತಮ್ಮನಾದ ಹೇಸ್ಟಿಂಗ್ಸ್ ಹ್ಯೂಸನೂ, ಎಂಬತ್ತು ವರುಷ ದಾಟಿದ ಅವರ ತಾಯಿ ಮಾರ್ಗರೆಟ್ ಹ್ಯೂಸಮ್ಮನವರೂ. ಆಕೆ ೧೮೮೧ರಲ್ಲಿ, ಜ್ವರದ ಆ ವರುಷದಲ್ಲಿಯೇ, ಸಮುದ್ರ ದಾಟಿ ಬಂದು, ಮನೆಗೆ ತಾನು ಬಿಟ್ಟುಬಂದ ಹಳ್ಳಿಯ ಹೆಸರನ್ನಿಟ್ಟು, ಮೊಮ್ಮಗಳಾದ ಎಮ್ಮಿಯನ್ನು ಸಂಗಡ ಇಟ್ಟುಕೊಂಡು, ಆರು ವರುಷ ಬಾಳಿದಳು. ಎಮ್ಮಿಯು ಆಗ ಬರೆದ ಪತ್ರಗಳು ೧೯೭೬ರಲ್ಲಿ ಅಚ್ಚಾದವು. ಮನೆಯ ಹುಡುಗರು ಧೈರ್ಯಗೆಟ್ಟು ಊರು ಬಿಟ್ಟುಹೋಗುತ್ತಿರುವಾಗ ಈ ಮುದುಕಿಯ ಮನೆಯ ದೀಪವು ಮಾತ್ರ ಆರಲಿಲ್ಲ. ೧೮೮೭ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಹ್ಯೂಸರು ಆ ಊರನ್ನು ಕಡೆಯ ಸಲ ನೋಡಿದ್ದೂ ಆ ವರುಷವೇ.

ಸಾಲ ತೀರಿಸುವುದಕ್ಕೆ ಸ್ಥಿರವಾದ ಸಂಬಳ ಬೇಕಾಯಿತು. ೧೮೮೨ರಲ್ಲಿ, ಅರವತ್ತನೆಯ ವಯಸ್ಸಿಗೆ ಸಮೀಪವಾಗಿದ್ದಾಗ, ಅವರು ಚೆಸ್ಟರ್ ಪ್ರಾಂತದ ಕೌಂಟಿ ಕೋರ್ಟಿನ ಜಡ್ಜಿಯಾದರು. ಅದು ಕೊಲೆ ಕಳವುಗಳ ಕೋರ್ಟಲ್ಲ. ಅಂಗಡಿಯ ಬಾಕಿ, ಬಾಡಿಗೆ, ಕೂಲಿಯ ಜಗಳ, ಇಂಥ ಚಿಕ್ಕ ವ್ಯಾಜ್ಯಗಳದ್ದು. ಹಿಂದೆ ರಾಣಿಯವರ ವಕೀಲರೆಂಬ ಬಿರುದು ಪಡೆದವರಿಗೆ ಇದು ದೊಡ್ಡ ಪದವಿಯಲ್ಲ. ಅವರು ಗೊಣಗಲಿಲ್ಲ. ಊರಿಂದೂರಿಗೆ ಹೋಗಿ ಸಾಲಗಾರರ ಮಾತನ್ನೂ ಸಾಲ ಕೊಟ್ಟವರ ಮಾತನ್ನೂ ತಾಳ್ಮೆಯಿಂದ ಕೇಳಿದರು. ಸಾಲದ ಭಾರವೇನೆಂದು ಅಷ್ಟರೊಳಗೆ ಅವರಿಗೂ ತಿಳಿದಿತ್ತು. ಚೆಸ್ಟರಿನಲ್ಲಿ ಕಟ್ಟಿಸಿದ ತಮ್ಮ ಮನೆಗೂ ಅಫಿಂಗ್ಟನ್ ಎಂದೇ ಹೆಸರಿಟ್ಟರು. ಬಿಡುವಿನ ಕಾಲದಲ್ಲಿ ಪುಸ್ತಕಗಳನ್ನು ಬರೆದರು. ಆಫ್ರಿಕದಲ್ಲಿ ದುಡಿದ ಡೇವಿಡ್ ಲಿವಿಂಗ್‌ಸ್ಟನರ ಚರಿತ್ರೆಯು ೧೮೮೯ರಲ್ಲಿ ಹೊರಟಿತು. ರಗ್ಬಿ ಊರಿನ ಮಂಡಲಿಯು ದಿವಾಳಿಯ ಅಂಚಿಗೆ ಬಂದು ಭೂಮಿಯು ಬೇರೆಯವರ ಕೈಸೇರಿದ ಮೇಲೆಯೂ, ಅಲ್ಲಿ ಬಿತ್ತಿದ್ದು ಒಳ್ಳೇ ಬೀಜವೆಂಬ ನಂಬಿಕೆಯನ್ನು ಅವರು ಬಿಟ್ಟುಕೊಡಲಿಲ್ಲ.

೧೮೯೬ರ ವಸಂತಕಾಲದಲ್ಲಿ ದೇಹಸ್ಥಿತಿ ಕೆಟ್ಟು, ಬೆಚ್ಚಗಿನ ದೇಶವಾದ ಇಟಲಿಗೆ ಹೋಗಬೇಕೆಂದು ಹೊರಟವರು ಸಮುದ್ರತೀರದ ಬ್ರೈಟನ್ ಪಟ್ಟಣದ ವರೆಗೆ ಬಂದು, ಮಾರ್ಚ್ ೨೨ರಲ್ಲಿ ಅಲ್ಲಿಯೇ ತೀರಿಕೊಂಡರು. ಆಗ ಅವರ ವಯಸ್ಸು ೭೩. ಶಾಲೆಯವರು ೧೮೯೯ರಲ್ಲಿ ತಮ್ಮ ಅಂಗಳದಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದರು.

ಅಮೆರಿಕದ ರಗ್ಬಿಯಲ್ಲಿ ೧೮೮೨ರಲ್ಲಿ ತೆರೆದ ಹ್ಯೂಸರ ಹೆಸರಿನ ಪುಸ್ತಕಾಲಯವುಂಟು. ಅಮೆರಿಕದ ಪ್ರಕಾಶಕರು ಟಾಮ್ ಬ್ರೌನಿನ ಕಥೆಯನ್ನು ಬರೆದವರ ಮೇಲಣ ಗೌರವದಿಂದ ಕಳುಹಿಸಿದ ಸುಮಾರು ೭,೦೦೦ ಪುಸ್ತಕಗಳು ಅದೇ ಕಪಾಟುಗಳಲ್ಲಿ ಈಗಲೂ ಇವೆ. ೧೮೮೭ರಲ್ಲಿ ಕಟ್ಟಿದ ಮರದ ದೇವಾಲಯದಲ್ಲಿ ಆರಾಧನೆ ನಡೆಯುತ್ತದೆ. ಊರ ಹೊರಗಣ ಮರಗಳ ಕೆಳಗೆ ಸಮಾಧಿಗಳ ಸ್ಥಳವಿದೆ. ಅಲ್ಲಿ ಜ್ವರದಿಂದ ಸತ್ತವರೂ ಮಾರ್ಗರೆಟ್ ಹ್ಯೂಸಮ್ಮನವರೂ ಮಲಗಿದ್ದಾರೆ.